ಮೇರಿ ಡೈಯರ್: ಒಂಬತ್ತನೆಯ ತರಗತಿಗೆ ಹೇಳಿದ ಒಂದು ಜೀವನಕಥೆ

ಬೋಧನಾಭ್ಯಾಸದ ದಿನಗಳಲ್ಲಿ ಉದಯಗಿರಿಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಮೂಲಭೂತ ಹಕ್ಕುಗಳ ಪಾಠ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆರು ಹಕ್ಕುಗಳ ಹೆಸರನ್ನು ಮಕ್ಕಳು ಒಂದೇ ಉಸಿರಿಗೆ ಹೇಳುತ್ತಿದ್ದರು. ಆದರೆ ಸಂವಿಧಾನದ 25ನೆಯ ವಿಧಿಯಲ್ಲಿ ಮೊದಲು ಬರುವ ಅಂತಃಸಾಕ್ಷಿಯ ಸ್ವಾತಂತ್ರ್ಯ ಎಂಬ ಮಾತಿಗೆ ಅರ್ಥ ಕೇಳಿದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ದೇವಸ್ಥಾನಕ್ಕೆ, ಮಸೀದಿಗೆ, ಚರ್ಚಿಗೆ ಹೋಗುವ ಸ್ವಾತಂತ್ರ್ಯ ಎಂದರೆ ಅವರಿಗೆ ತಿಳಿಯುತ್ತದೆ. ಒಳಗಿನ ಸಾಕ್ಷಿಗೂ ಒಂದು ಸ್ವಾತಂತ್ರ್ಯ ಬೇಕು, ಅದನ್ನು ಕಾನೂನು ಕಾಯಬೇಕು ಎಂಬುದು ಹದಿನಾಲ್ಕರ ವಯಸ್ಸಿಗೆ ಸುಲಭವಾಗಿ ಹಿಡಿತಕ್ಕೆ ಸಿಗುವ ವಿಷಯವಲ್ಲ. ವ್ಯಾಖ್ಯೆ ಬರೆಸಿ ಮುಂದೆ ಹೋಗುವ ಬದಲು, ಆ ಸ್ವಾತಂತ್ರ್ಯ ಇಲ್ಲದ ಕಾಲದಲ್ಲಿ ಬದುಕಿದ ಒಬ್ಬ ಹೆಣ್ಣುಮಗಳ ಕಥೆಯನ್ನೇ ಎರಡು ಅವಧಿಗಳಲ್ಲಿ ಹೇಳುವುದೆಂದು ಪಾಠ ಯೋಜನೆ ಹಾಕಿಕೊಂಡೆ. ನಾನು ಆರಿಸಿಕೊಂಡದ್ದು ಮೇರಿ ಡೈಯರ್ ಅವರ ಬದುಕನ್ನು.

ಇಷ್ಟು ದೂರ ಏಕೆ ಹೋಗಬೇಕು, ನಮ್ಮ ಅಕ್ಕಮಹಾದೇವಿಯ ಕಥೆಯನ್ನೇ ಹೇಳಬಹುದಲ್ಲ ಎಂದು ಸಹಪ್ರಶಿಕ್ಷಣಾರ್ಥಿಗಳು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ ಅದು. ಆ ತರಗತಿಯಲ್ಲಿ ಉರ್ದು, ಕನ್ನಡ, ತಮಿಳು ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಹತ್ತಿರದ ಕಥೆ ಹೇಳಿದಾಗ ಕೆಲವರಿಗೆ ಅದು ನಮ್ಮದು, ಕೆಲವರಿಗೆ ಅವರದು ಎಂಬ ಭಾವನೆ ಮೊದಲೇ ಬಂದುಬಿಡುತ್ತದೆ. ಸಾಗರದಾಚೆಯ, ಮುನ್ನೂರೈವತ್ತು ವರ್ಷಕ್ಕೂ ಹಿಂದಿನ ಕಥೆಯಿಂದ ಎಲ್ಲರೂ ಒಂದೇ ದೂರದಲ್ಲಿರುತ್ತಾರೆ. ಅಲ್ಲಿ ಪ್ರಶ್ನೆ ಕೇಳಲು ಯಾರಿಗೂ ಸಂಕೋಚವಿಲ್ಲ. ಅಕ್ಕನ ಹೆಸರು ಆಮೇಲೆ ಮಕ್ಕಳ ಬಾಯಿಂದಲೇ ಬಂತು.

ಮೇರಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1611ರ ಸುಮಾರಿಗೆ. ತವರಿನ ಹೆಸರು ಬ್ಯಾರೆಟ್. 1633ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಡೈಯರ್ ಎಂಬ ವ್ಯಾಪಾರಿಯ ಕೈಹಿಡಿದರು. ಮೊದಲ ಗಂಡುಮಗು ಹುಟ್ಟಿ ಕೆಲವೇ ದಿನಗಳಲ್ಲಿ ತೀರಿಕೊಂಡಿತು. 1635ರ ಹೊತ್ತಿಗೆ ಗಂಡಹೆಂಡತಿ ಇಬ್ಬರೂ ಅಟ್ಲಾಂಟಿಕ್ ಸಾಗರ ದಾಟಿ, ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಬಾಸ್ಟನ್ ಪಟ್ಟಣಕ್ಕೆ ಬಂದು ನೆಲೆಸಿದ್ದರು.

ಇಲ್ಲಿ ನಿಂತು ಮಕ್ಕಳಿಗೆ ಒಂದು ಹಿನ್ನೆಲೆ ಕೊಡಬೇಕಾಗುತ್ತದೆ. ಆ ವಸಾಹತನ್ನು ಕಟ್ಟಿದವರು ಪ್ಯೂರಿಟನ್ನರು. ಇಂಗ್ಲೆಂಡಿನ ರಾಜನ ಚರ್ಚು ತಮ್ಮ ನಂಬಿಕೆಗೆ ಒಗ್ಗುವುದಿಲ್ಲ ಎಂದು ಹೊಲಮನೆ ಮಾರಿ, ತಿಂಗಳುಗಟ್ಟಲೆ ಹಡಗಿನಲ್ಲಿ ಕಷ್ಟಪಟ್ಟು ಬಂದವರು. ತಮ್ಮಂತೆ ತಾವು ಪೂಜಿಸಬೇಕು ಎಂಬುದೇ ಅವರ ಆಸೆ. ಆದರೆ ಬಂದ ಮೇಲೆ ಅವರು ಕಟ್ಟಿದ ಊರಿನಲ್ಲಿ ಬೇರೆಯವರಿಗೆ ಬೇರೆ ರೀತಿ ಪೂಜಿಸಲು ಜಾಗವಿರಲಿಲ್ಲ. ಚರ್ಚಿನ ಸದಸ್ಯರಾದ ಗಂಡಸರಿಗೆ ಮಾತ್ರ ಮತ ಹಾಕುವ ಹಕ್ಕಿತ್ತು. ಪಾದ್ರಿಗಳ ಮಾತಿಗೂ ನ್ಯಾಯಾಧಿಕಾರಿಗಳ ಮಾತಿಗೂ ನಡುವೆ ಹೆಚ್ಚಿನ ಅಂತರವಿರಲಿಲ್ಲ. ಕಿರುಕುಳ ಅನುಭವಿಸಿ ಬಂದವರೇ ಮುಂದೆ ಕಿರುಕುಳ ಕೊಡುವವರಾದರು. ಇಡೀ ಪಾಠದ ತಿರುಳು ಇದೇ ಎಂದು ನಾನು ಪಾಠ ಯೋಜನೆಯಲ್ಲಿ ಗುರುತು ಹಾಕಿಕೊಂಡಿದ್ದೆ.

ಬಾಸ್ಟನ್ನಿನಲ್ಲಿ ಮೇರಿಗೆ ಆನ್ ಹಚಿನ್ಸನ್ ಎಂಬ ಹಿರಿಯ ಗೆಳತಿ ಸಿಕ್ಕರು. ಹೆರಿಗೆ ಮಾಡಿಸುವುದರಲ್ಲಿ ನುರಿತವರು, ಬೈಬಲ್ಲನ್ನು ಚೆನ್ನಾಗಿ ಬಲ್ಲವರು. ತಮ್ಮ ಮನೆಯಲ್ಲಿ ಹೆಂಗಸರನ್ನು ಸೇರಿಸಿ ಪಾದ್ರಿಗಳ ಉಪದೇಶದ ಬಗ್ಗೆ ಚರ್ಚೆ ನಡೆಸುತ್ತಿದ್ದರು. ಬರಬರುತ್ತ ಗಂಡಸರೂ ಬಂದು ಕೂರತೊಡಗಿದರು. ದೇವರ ಕೃಪೆ ಮನುಷ್ಯನಿಗೆ ನೇರವಾಗಿ ಒಲಿಯುತ್ತದೆ, ಹೊರಗಿನ ನೇಮನಿಷ್ಠೆ ಅದಕ್ಕೆ ಪುರಾವೆಯಲ್ಲ ಎಂಬುದು ಅವರ ವಾದ. ಇದು ಪಾದ್ರಿಗಳ ಅಧಿಕಾರಕ್ಕೇ ಪೆಟ್ಟು ಎಂದು ಆಳುವವರಿಗೆ ಅನಿಸಿತು. 1637ರ ನವೆಂಬರಿನಲ್ಲಿ ಆನ್ ಮೇಲೆ ವಿಚಾರಣೆ ನಡೆಯಿತು. ಗಡೀಪಾರಿನ ಶಿಕ್ಷೆಯಾಯಿತು. 1638ರ ಮಾರ್ಚಿನಲ್ಲಿ ಚರ್ಚೂ ಅವರನ್ನು ಹೊರಹಾಕಿತು. ತುಂಬಿದ ಸಭೆಯಿಂದ ಆನ್ ಹೊರನಡೆದಾಗ ಮೇರಿ ಡೈಯರ್ ಎದ್ದು ಅವರ ಕೈ ಹಿಡಿದು ಜೊತೆಯಲ್ಲಿ ನಡೆದು ಹೋದರು. ಮೇರಿ ಊರಿನವರ ಕಣ್ಣಿಗೆ ಬಿದ್ದದ್ದು ಅಂದು.

ಆ ಗಳಿಗೆಯಲ್ಲೇ ಇನ್ನೊಂದು ವಿಷಯ ಹೊರಬಿತ್ತು. ಐದು ತಿಂಗಳ ಹಿಂದೆ, 1637ರ ಅಕ್ಟೋಬರಿನಲ್ಲಿ ಮೇರಿಗೆ ಅಂಗವಿಕಲತೆಯಿದ್ದ ಮಗುವೊಂದು ದಿನ ತುಂಬುವ ಮೊದಲೇ ಸತ್ತು ಹುಟ್ಟಿತ್ತು. ತಾಯಿಗೆ ಅವಮಾನವಾಗಬಾರದೆಂದು ಪಾದ್ರಿ ಜಾನ್ ಕಾಟನ್ ಅವರ ಸಲಹೆಯಂತೆ ಗುಟ್ಟಾಗಿ ಮಣ್ಣು ಮಾಡಿದ್ದರು. ಸುದ್ದಿ ತಿಳಿದ ಗವರ್ನರ್ ಜಾನ್ ವಿನ್‌ಥ್ರಾಪ್ ಆ ಗುಂಡಿಯನ್ನು ತೋಡಿಸಿದರು. ನೂರಕ್ಕೂ ಹೆಚ್ಚು ಜನ ನೋಡಲು ನೆರೆದರು. ತಪ್ಪು ನಂಬಿಕೆಗೆ ದೇವರು ಕೊಟ್ಟ ಶಿಕ್ಷೆ ಇದು ಎಂದು ವಿನ್‌ಥ್ರಾಪ್ ಬರೆದರು. ಆ ಬರಹ ಇಂಗ್ಲೆಂಡಿಗೂ ಮುಟ್ಟಿತು. ತರಗತಿಯಲ್ಲಿ ಇದನ್ನು ಎರಡೇ ವಾಕ್ಯಗಳಲ್ಲಿ ಹೇಳಿದೆ, ವರ್ಣನೆಗೆ ಹೋಗಲಿಲ್ಲ. ಬಿಟ್ಟುಬಿಡುವಂತೆಯೂ ಇರಲಿಲ್ಲ. ಮಗುವಿನ ಅಂಗವಿಕಲತೆಗೆ ತಾಯಿಯ ಪಾಪ ಕಾರಣ ಎನ್ನುವ ಮಾತು ನಮ್ಮ ಬೀದಿಗಳಲ್ಲಿ ಇನ್ನೂ ಸತ್ತಿಲ್ಲ. ಮಕ್ಕಳು ಅದನ್ನು ಕೇಳಿಯೇ ಇರುತ್ತಾರೆ.

1638ರಲ್ಲೇ ಡೈಯರ್ ಕುಟುಂಬ ಬಾಸ್ಟನ್ ಬಿಟ್ಟು ಹಚಿನ್ಸನ್ ಬಳಗದೊಂದಿಗೆ ದಕ್ಷಿಣಕ್ಕೆ ಹೋಯಿತು. ಈಗ ರೋಡ್ ಐಲೆಂಡ್ ಎನ್ನುವ ಸೀಮೆ ಅದು. ಬಾಸ್ಟನ್ನಿನವರೇ ಹೊರಗಟ್ಟಿದ್ದ ರಾಜರ್ ವಿಲಿಯಮ್ಸ್ 1636ರಲ್ಲಿ ಅಲ್ಲಿ ಪ್ರಾವಿಡೆನ್ಸ್ ಎಂಬ ಊರು ಕಟ್ಟಿ, ಯಾರ ನಂಬಿಕೆಯ ಮೇಲೂ ಸರ್ಕಾರ ಕೈ ಹಾಕಬಾರದು ಎಂದು ಸಾರಿದ್ದರು. ಡೈಯರ್ ದಂಪತಿ ಮೊದಲು ಪೋರ್ಟ್ಸ್‌ಮತ್, ಮರುವರ್ಷ ನ್ಯೂಪೋರ್ಟ್ ಊರು ಕಟ್ಟಿದವರಲ್ಲಿ ಸೇರಿದರು. ವಿಲಿಯಂ ಅಲ್ಲಿ ದೊಡ್ಡ ಹುದ್ದೆಗಳಿಗೇರಿದರು, ಹೊಲಗದ್ದೆ ಮಾಡಿದರು. ಮೇರಿ ಬೆಳೆಯುವ ಮಕ್ಕಳ ತಾಯಿಯಾಗಿ ಹದಿಮೂರು ಹದಿನಾಲ್ಕು ವರ್ಷ ನೆಮ್ಮದಿಯಾಗಿ ಬದುಕಿದರು. ಅವರ ಆರು ಮಕ್ಕಳು ಬದುಕುಳಿದು ದೊಡ್ಡವರಾದರು.

ಇಸವಿಗಳನ್ನು ಬರಿದೇ ಹೇಳಿದರೆ ಮಕ್ಕಳ ನೆನಪಿನಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಕಪ್ಪುಹಲಗೆಯ ಮೇಲೆ ಎರಡು ಸಾಲು ಎಳೆದೆ. ಒಂದು ಬಾಸ್ಟನ್ನಿನದು, ಇನ್ನೊಂದು ಮೈಸೂರಿನದು. ಮೇರಿ ಬಾಸ್ಟನ್ ಬಿಟ್ಟ 1638ರಲ್ಲಿ ಇಲ್ಲಿ ಕಂಠೀರವ ನರಸರಾಜ ಒಡೆಯರು ಪಟ್ಟಕ್ಕೆ ಬಂದರು. ಮೇರಿಯನ್ನು ಮೊದಲ ಬಾರಿ ಗಲ್ಲಿನ ಬಳಿಗೆ ಕರೆದೊಯ್ದ 1659ರಲ್ಲಿ ದೊಡ್ಡ ದೇವರಾಜ ಒಡೆಯರ ಆಳ್ವಿಕೆ ಶುರುವಾಯಿತು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ದೊಡ್ಡ ನಂದಿಯ ಮುಂದೆ ನಿಂತಿರುವ ಮಕ್ಕಳಿಗೆ, ಅದನ್ನು ಮಾಡಿಸಿದ ಅರಸರ ಕಾಲದ ಹೆಂಗಸು ಈಕೆ ಎಂದಾಗ ಕಾಲ ತಾನಾಗಿ ಹತ್ತಿರ ಬಂತು.

1650ರ ನಂತರ ಮೇರಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಹಲವು ವರ್ಷ ಇದ್ದರು. ಆ ಹೊತ್ತಿಗೆ ಅಲ್ಲಿ ಜಾರ್ಜ್ ಫಾಕ್ಸ್ ಎಂಬವರ ಉಪದೇಶದಿಂದ ಹೊಸ ಪಂಥವೊಂದು ಹಬ್ಬುತ್ತಿತ್ತು. ಅವರು ತಮ್ಮನ್ನು ಗೆಳೆಯರು ಎಂದು ಕರೆದುಕೊಂಡರು. ಜನ ಅವರನ್ನು ಹಾಸ್ಯಕ್ಕೆ ಕ್ವೇಕರ್, ಎಂದರೆ ನಡುಗುವವರು, ಎಂದು ಕರೆದರು. ಆ ಹೆಸರೇ ಉಳಿಯಿತು. ಪ್ರತಿ ಮನುಷ್ಯನ ಒಳಗೂ ದೇವರ ಬೆಳಕಿದೆ, ಅದನ್ನು ಕಾಣಲು ಪಾದ್ರಿ ಬೇಕಿಲ್ಲ ಎಂಬುದು ಅವರ ನಂಬಿಕೆ. ಸುಮ್ಮನೆ ಮೌನವಾಗಿ ಒಟ್ಟಿಗೆ ಕೂರುತ್ತಾರೆ. ಒಳಗಿನ ಪ್ರೇರಣೆ ಬಂದವರು ಎದ್ದು ಮಾತಾಡುತ್ತಾರೆ, ಹೆಂಗಸಾಗಲಿ ಗಂಡಸಾಗಲಿ. ಆಣೆ ಇಡುವುದಿಲ್ಲ. ಅಧಿಕಾರಿಯ ಮುಂದೆ ಟೋಪಿ ತೆಗೆಯುವುದಿಲ್ಲ. ಆ ಕಾಲದ ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದ ಇನ್ನೂ ಇತ್ತು. ಕ್ವೇಕರರು ಗವರ್ನರನಿಗೂ ಏಕವಚನದಲ್ಲೇ ಮಾತಾಡುತ್ತಿದ್ದರು. ಈ ವಿವರ ಬಂದಾಗ ತರಗತಿಯಲ್ಲಿ ನಗೆ ಎದ್ದಿತು. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗುತ್ತಿತ್ತೇನೋ. ಕನ್ನಡದ ಮಕ್ಕಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಮುಖ್ಯೋಪಾಧ್ಯಾಯರನ್ನು ನೀನು ಎಂದು ಮಾತಾಡಿಸಿದರೆ ಏನಾಗುತ್ತದೆಂದು ಅವರಿಗೆ ಗೊತ್ತು. ದೇವರ ಮುಂದೆ ಎಲ್ಲರೂ ಸಮಾನರಾದರೆ ಒಬ್ಬರಿಗೆ ನೀವು, ಇನ್ನೊಬ್ಬರಿಗೆ ನೀನು ಏಕೆ ಎಂಬುದು ಕ್ವೇಕರರ ಪ್ರಶ್ನೆಯಾಗಿತ್ತು.

ಮೇರಿ ಕ್ವೇಕರರಾಗಿ 1657ರಲ್ಲಿ ಹಿಂದಿರುಗಿದರು. ಹಡಗು ನಿಂತದ್ದು ಬಾಸ್ಟನ್ನಿನಲ್ಲಿ. ಅಷ್ಟರಲ್ಲಿ ಅಲ್ಲಿ ಕ್ವೇಕರರ ವಿರುದ್ಧ ಕಾನೂನು ಬಂದಾಗಿತ್ತು. ಇಳಿದ ಕೂಡಲೇ ಅವರನ್ನು ಸೆರೆಗೆ ಹಾಕಿದರು. ವಿಷಯ ತಿಳಿದು ವಿಲಿಯಂ ಬಂದು, ವಸಾಹತಿನ ಗಡಿ ದಾಟುವವರೆಗೆ ಯಾರೊಂದಿಗೂ ಮಾತಾಡಗೊಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟು ಹೆಂಡತಿಯನ್ನು ಕರೆದುಕೊಂಡು ಹೋದರು. ವಿಲಿಯಂ ಕ್ವೇಕರರಾಗಲಿಲ್ಲ. ಇದನ್ನು ಮಕ್ಕಳು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಬಾಸ್ಟನ್ನಿಗೆ ಮೊದಲು ಬಂದ ಕ್ವೇಕರರು ಇಬ್ಬರು ಹೆಂಗಸರು, 1656ರ ಜುಲೈನಲ್ಲಿ. ಒಬ್ಬರು ಆನ್ ಆಸ್ಟಿನ್, ಇನ್ನೊಬ್ಬರು ಮೇರಿ ಫಿಷರ್. ಫಿಷರ್ ಯಾರ್ಕ್‌ಷೈರಿನಲ್ಲಿ ಮನೆಕೆಲಸ ಮಾಡಿಕೊಂಡಿದ್ದವರು. ಅವರ ಪುಸ್ತಕಗಳನ್ನು ಸುಟ್ಟರು, ಮಾಟಗಾತಿಯರ ಗುರುತಿದೆಯೇ ಎಂದು ಮೈ ಪರೀಕ್ಷೆ ಮಾಡಿದರು, ಐದು ವಾರ ಸೆರೆಯಲ್ಲಿಟ್ಟು ಹಡಗು ಹತ್ತಿಸಿದರು. ಎರಡು ವರ್ಷಗಳ ನಂತರ, 1658ರಲ್ಲಿ, ಇದೇ ಫಿಷರ್ ತುರ್ಕಿಯ ಆಟೊಮನ್ ಸುಲ್ತಾನ ನಾಲ್ಕನೆಯ ಮೆಹಮದನನ್ನು ಕಂಡು ಮಾತಾಡಿದರು. ಸುಲ್ತಾನ ಆಕೆಯ ಮಾತನ್ನು ಮರ್ಯಾದೆಯಿಂದ ಕೇಳಿ, ದಾರಿಗೆ ಕಾವಲು ಬೇಕೇ ಎಂದೂ ವಿಚಾರಿಸಿದ. ಇದನ್ನು ಕೇಳಿ ಹಿಂದಿನ ಬೆಂಚುಗಳಲ್ಲಿ ಕೆಲವರ ಮುಖ ಅರಳಿತು. ಒಂದು ಧರ್ಮ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂಬ ತೀರ್ಮಾನಕ್ಕೆ ಈ ಘಟನೆಯನ್ನು ಬಳಸಬಾರದು ಎಂದು ನಾನು ಅಲ್ಲೇ ಹೇಳಿದೆ. ಎಲ್ಲ ಧರ್ಮದ ರಾಜ್ಯಗಳಲ್ಲೂ ಕೇಳಿಸಿಕೊಂಡವರಿದ್ದಾರೆ, ಬಾಯಿ ಮುಚ್ಚಿಸಿದವರೂ ಇದ್ದಾರೆ. ಬಾಸ್ಟನ್ನಿನವರೂ ಫಿಷರ್ ಅವರೂ ಓದುತ್ತಿದ್ದದ್ದು ಒಂದೇ ಬೈಬಲ್ಲನ್ನು.

ಬಾಸ್ಟನ್ನಿನ ಕಾನೂನು ವರ್ಷದಿಂದ ವರ್ಷಕ್ಕೆ ಕಠಿಣವಾಯಿತು. ಮೊದಲು ದಂಡ, ಚಾಟಿಯೇಟು, ಸೆರೆ. 1657ರಲ್ಲಿ ಕಿವಿ ಕತ್ತರಿಸುವ ಶಿಕ್ಷೆ. 1658ರಲ್ಲಿ ಮೂವರ ಬಲಗಿವಿ ಕತ್ತರಿಸಿಯೂ ಆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಗಡೀಪಾರಾದ ಕ್ವೇಕರರು ಮತ್ತೆ ಬಂದರೆ ಮರಣದಂಡನೆ ಎಂದು ಕಾನೂನು ಮಾಡಿದರು. ಪ್ರತಿನಿಧಿಗಳ ಸಭೆಯಲ್ಲಿ ಅದು ಗೆದ್ದದ್ದು ಒಂದೇ ಒಂದು ಮತದ ಅಂತರದಲ್ಲಿ. ಒಂದು ಮತದ ಬೆಲೆ ಏನು ಎಂಬುದಕ್ಕೆ ಪೌರನೀತಿ ಪಾಠದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

1659ರಲ್ಲಿ ವಿಲಿಯಂ ರಾಬಿನ್ಸನ್, ಮಾರ್ಮಡ್ಯೂಕ್ ಸ್ಟೀವನ್ಸನ್ ಎಂಬ ಇಬ್ಬರು ಕ್ವೇಕರರು ಬಾಸ್ಟನ್ನಿನ ಸೆರೆಯಲ್ಲಿದ್ದರು. ಅವರನ್ನು ನೋಡಲು ಹೋದ ಮೇರಿಯನ್ನೂ ಹಿಡಿದರು. ಸೆಪ್ಟೆಂಬರಿನಲ್ಲಿ ಎಲ್ಲರನ್ನೂ ಗಡೀಪಾರು ಮಾಡಿ, ತಿರುಗಿ ಬಂದರೆ ಗಲ್ಲು ಎಂದು ಎಚ್ಚರಿಸಿದರು. ಒಂದು ತಿಂಗಳೊಳಗೆ ಮೂವರೂ ತಿರುಗಿ ಬಂದರು. ಗವರ್ನರ್ ಜಾನ್ ಎಂಡಿಕಾಟ್ ಶಿಕ್ಷೆ ಓದಿದರು. ಅಕ್ಟೋಬರ್ 27ರಂದು ಮೂವರನ್ನೂ ಬೀದಿಯಲ್ಲಿ ನಡೆಸಿಕೊಂಡು ಹೋದರು. ಅವರ ಮಾತು ಜನರ ಕಿವಿಗೆ ಬೀಳದಂತೆ ದಾರಿಯುದ್ದಕ್ಕೂ ಡೋಲು ಬಾರಿಸಿದರು. ಗಂಡಸರಿಬ್ಬರನ್ನು ಮೇರಿಯ ಕಣ್ಣೆದುರಿಗೇ ನೇಣಿಗೇರಿಸಿದರು. ಮೇರಿಯ ಕೈಕಾಲು ಕಟ್ಟಿ, ಕುತ್ತಿಗೆಗೆ ಹಗ್ಗ ಹಾಕಿ, ಮುಖಕ್ಕೆ ಬಟ್ಟೆ ಮುಚ್ಚಿದ ಮೇಲೆ, ಮಗನ ಮನವಿಗೆ ಓಗೊಟ್ಟು ಜೀವ ಉಳಿಸಲಾಗಿದೆ ಎಂಬ ಆದೇಶ ಓದಿದರು. ಇದನ್ನು ಮೊದಲೇ ತೀರ್ಮಾನಿಸಿದ್ದರು. ಹೆದರಿಸಿ ಕಳಿಸುವುದು ಅವರ ಉದ್ದೇಶ.

ಮೇರಿ ರೋಡ್ ಐಲೆಂಡಿಗೆ ಹೋದರು. ಆ ಚಳಿಗಾಲವನ್ನು ಶೆಲ್ಟರ್ ಐಲೆಂಡ್ ಎಂಬ ದ್ವೀಪದಲ್ಲಿ ಕಳೆದರು. 1660ರ ಮೇ 21ರಂದು ಮತ್ತೆ ಬಾಸ್ಟನ್ನಿಗೆ ಬಂದರು. ಗಂಡನಿಗೆ ಹೇಳಿರಲಿಲ್ಲ. ಅರ್ಧ ವರ್ಷಕ್ಕೂ ಹೆಚ್ಚು ಕಾಲದಿಂದ ಹೆಂಡತಿಯನ್ನು ನೋಡದ ವಿಲಿಯಂ ಗವರ್ನರಿಗೆ ಕಾಗದ ಬರೆದು, ತನ್ನ ಹೆಂಡತಿಯ ಜೀವ ಉಳಿಸಿಕೊಡಿ ಎಂದು ಅಂಗಲಾಚಿ ಬೇಡಿಕೊಂಡರು. ಹೆಂಡತಿಯ ಹಟ ತನಗೂ ಅರ್ಥವಾಗುತ್ತಿಲ್ಲ ಎಂಬ ನೋವು ಆ ಕಾಗದದಲ್ಲಿದೆ. ಮೇ 31ರಂದು ವಿಚಾರಣೆ. ಕಳೆದ ಬಾರಿ ಹೇಳಿದ್ದನ್ನೇ ಮೇರಿ ಹೇಳಿದರು: ತಾನು ಬಂದಿರುವುದು ಈ ಅನ್ಯಾಯದ ಕಾನೂನನ್ನು ತೆಗೆಯಿರಿ ಎಂದು ಕೇಳುವುದಕ್ಕೆ. ಜೂನ್ 1ರಂದು ಗಲ್ಲಿನ ಬಳಿ, ಊರಿಗೆ ಹಿಂದಿರುಗಲು ಒಪ್ಪಿದರೆ ಇಳಿಸುತ್ತೇವೆ ಎಂದರು. ಮೇರಿ ಒಪ್ಪಲಿಲ್ಲ. ಅವರನ್ನು ಗಲ್ಲಿಗೇರಿಸಿದರು. ಆಗ ಅವರಿಗೆ ಐವತ್ತರ ಸಮೀಪದ ವಯಸ್ಸು.

ಎರಡನೆಯ ಅವಧಿಯಲ್ಲಿ ಚರ್ಚೆಗೆ ಬಿಟ್ಟಾಗ ಮೊದಲು ಬಂದ ಪ್ರಶ್ನೆ, ಆರು ಮಕ್ಕಳ ತಾಯಿ, ಒಮ್ಮೆ ಬದುಕಿ ಬಂದವರು, ಮತ್ತೇಕೆ ಹೋದರು ಎಂಬುದು. ಕೇಳಿದ್ದು ಒಬ್ಬ ಹುಡುಗಿ. ತಾಯಿ ಹಾಗೆ ಮಾಡಬಾರದಿತ್ತು ಎಂದಳು. ಪಕ್ಕದವಳು, ಯಾರೂ ಹೋಗದಿದ್ದರೆ ಕಾನೂನು ಹಾಗೇ ಉಳಿಯುತ್ತಿತ್ತು ಎಂದಳು. ಒಬ್ಬ ಹುಡುಗ, ಇಬ್ಬರು ಸತ್ತಿದ್ದಾಗ ತಾನೊಬ್ಬಳು ಬದುಕುಳಿದದ್ದು ಆಕೆಗೆ ಸಹಿಸಲು ಆಗಿರಲಿಕ್ಕಿಲ್ಲ ಎಂದ. ಅಕ್ಕಮಹಾದೇವಿ ಅರಮನೆ ಬಿಟ್ಟು ನಡೆದದ್ದೂ ಇಂಥದ್ದೇ ಅಲ್ಲವೇ ಎಂದು ಇನ್ನೊಬ್ಬಳು ಕೇಳಿದಳು. ಒಳಗಿನ ಕರೆಗೆ ಓಗೊಟ್ಟದ್ದರಲ್ಲಿ ಹೋಲಿಕೆ ಇದೆ, ಆದರೆ ಮೇರಿಯ ಎದುರಿಗಿದ್ದದ್ದು ಮತ ಹಾಕಿ ಮಾಡಿದ ಒಂದು ಕಾನೂನು, ಅದನ್ನು ರದ್ದು ಮಾಡಿಸುವುದೇ ಅವರ ಬೇಡಿಕೆ ಎಂದು ವ್ಯತ್ಯಾಸವನ್ನು ತೋರಿಸಿದೆ. ಹೋಗಬೇಕಿತ್ತೇ ಬೇಡವೇ ಎಂಬುದಕ್ಕೆ ನನ್ನ ಉತ್ತರವನ್ನು ನಾನು ಹೇಳಲಿಲ್ಲ. ಸಾವನ್ನು ಹೊಗಳುವುದು ಶಿಕ್ಷಕರ ಕೆಲಸವಲ್ಲ. ತಾಯಿಯನ್ನು ದೂರುವುದೂ ಅಲ್ಲ. ಗಂಡನ ಕಾಗದವನ್ನೂ ಹೆಂಡತಿಯ ಬೇಡಿಕೆಯನ್ನೂ ಮಕ್ಕಳ ಮುಂದೆ ಸಮವಾಗಿ ಇಟ್ಟರೆ ಅವರೇ ತೂಗಿ ನೋಡುತ್ತಾರೆ. ಒಂದು ಮಾತನ್ನು ಮಾತ್ರ ಒತ್ತಿ ಹೇಳಿದೆ: ಮೇರಿ ಯಾರ ಮೇಲೂ ಕೈ ಎತ್ತಲಿಲ್ಲ, ತನ್ನ ನಂಬಿಕೆಯನ್ನು ಯಾರ ಮೇಲೂ ಹೇರಿ ಎಂದು ಕೇಳಲಿಲ್ಲ.

ಆಮೇಲೆ ನಡೆದದ್ದನ್ನೂ ಹೇಳಿಯೇ ಪಾಠ ಮುಗಿಸಬೇಕು. 1661ರ ಮಾರ್ಚಿನಲ್ಲಿ ವಿಲಿಯಂ ಲೆಡ್ರಾ ಎಂಬ ಇನ್ನೊಬ್ಬ ಕ್ವೇಕರನನ್ನು ಬಾಸ್ಟನ್ನಿನಲ್ಲಿ ನೇಣಿಗೇರಿಸಿದರು. ಒಟ್ಟು ನಾಲ್ವರಾದರು. ಅದೇ ವರ್ಷ ಇಂಗ್ಲೆಂಡಿನ ರಾಜ ಎರಡನೆಯ ಚಾರ್ಲ್ಸ್ ಈ ಶಿಕ್ಷೆಗಳನ್ನು ನಿಲ್ಲಿಸಿ ಎಂದು ಆಜ್ಞೆ ಬರೆದು, ಬಾಸ್ಟನ್ನಿನವರೇ ಗಡೀಪಾರು ಮಾಡಿದ್ದ ಸ್ಯಾಮ್ಯುಯೆಲ್ ಶಟಕ್ ಎಂಬ ಕ್ವೇಕರನ ಕೈಯಲ್ಲೇ ಗವರ್ನರಿಗೆ ಕಳಿಸಿದ. ಗಲ್ಲು ನಿಂತಿತು, ಚಾಟಿಯೇಟು ಇನ್ನೂ ಕೆಲವು ವರ್ಷ ನಡೆಯಿತು. 1663ರಲ್ಲಿ ರೋಡ್ ಐಲೆಂಡಿಗೆ ಸಿಕ್ಕ ರಾಜಶಾಸನದಲ್ಲಿ ಧಾರ್ಮಿಕ ಸ್ವಾತಂತ್ರ್ಯ ಸೇರಿತು. 1791ರಲ್ಲಿ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿಯಲ್ಲಿ ಅದು ಇಡೀ ದೇಶದ ಮಾತಾಯಿತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು, ಎಲ್ಲರಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಮ್ಯಾಸಚೂಸೆಟ್ಸ್ ಶಾಸನಭವನದ ಎದುರು 1959ರಿಂದ ಮೇರಿ ಡೈಯರ್ ಅವರ ಕಂಚಿನ ಪ್ರತಿಮೆ ಇದೆ. ಬೆಂಚಿನ ಮೇಲೆ ಕೂತು, ತೊಡೆಯ ಮೇಲೆ ಕೈ ಇಟ್ಟುಕೊಂಡು, ತಲೆ ಬಾಗಿಸಿ ಮೌನವಾಗಿರುವ ಹೆಂಗಸು. ಕೆತ್ತಿದವರು ಸಿಲ್ವಿಯಾ ಶಾ ಜಡ್ಸನ್. ಅದರ ಚಿತ್ರವನ್ನು ತೋರಿಸಿದರೆ ಕ್ವೇಕರರ ಮೌನಸಭೆ ಹೇಗಿರುತ್ತದೆಂದು ಬೇರೆ ವಿವರಣೆ ಬೇಕಾಗುವುದಿಲ್ಲ.

ಈ ಪಾಠವನ್ನು ಮಾಡಬಯಸುವ ಸಹಪ್ರಶಿಕ್ಷಣಾರ್ಥಿಗಳಿಗೆ ಒಂದೆರಡು ಸೂಚನೆ. ಎರಡು ಅವಧಿ ಬೇಕೇ ಬೇಕು. ಒಂದರಲ್ಲಿ ಮುಗಿಸಲು ಹೋದರೆ ಗಲ್ಲಿನ ಪ್ರಸಂಗ ಮಾತ್ರ ಉಳಿದು ಪ್ಯೂರಿಟನ್ನರ ಹಿನ್ನೆಲೆ ಬಿಟ್ಟುಹೋಗುತ್ತದೆ. ಪೂರ್ವಜ್ಞಾನಕ್ಕೆ ಅಟ್ಲಾಂಟಿಕ್ ಸಾಗರದ ಭೂಪಟ ಸಾಕು. ಮೌಲ್ಯಮಾಪನಕ್ಕೆ ಇಸವಿ ಕೇಳುವ ಪ್ರಶ್ನೆಗಳ ಬದಲು ನಾನು ಎರಡೇ ಪ್ರಶ್ನೆ ಕೊಟ್ಟೆ. ತಮ್ಮ ನಂಬಿಕೆಗಾಗಿ ಸಾಗರ ದಾಟಿ ಬಂದವರು ಇನ್ನೊಬ್ಬರ ನಂಬಿಕೆಯನ್ನು ಏಕೆ ಸಹಿಸಲಿಲ್ಲ? ಹೊರಗಿನ ಆಚರಣೆಗೆ ಅವಕಾಶ ಕೊಟ್ಟು ಒಳಗಿನ ಸಾಕ್ಷಿಗೆ ಅವಕಾಶ ಕೊಡದಿದ್ದರೆ ಏನಾಗುತ್ತದೆ? ಮೊದಲನೆಯದಕ್ಕೆ ಹೆಚ್ಚಿನವರು ಹೆದರಿಕೆ ಎಂದು ಬರೆದಿದ್ದರು. ಎರಡನೆಯದಕ್ಕೆ ಒಬ್ಬ ಬಾಲಕ, ಆಗ ಎಲ್ಲರೂ ಪ್ರಾರ್ಥನೆ ಮಾಡುತ್ತಾರೆ, ಆದರೆ ಯಾರೂ ನಿಜ ಹೇಳುವುದಿಲ್ಲ ಎಂದು ಬರೆದಿದ್ದ. 25ನೆಯ ವಿಧಿಯನ್ನು ಮುಂದಿನ ತರಗತಿಗೆ ವಿವರಿಸುವಾಗ ನಾನು ಆ ಉತ್ತರದಿಂದಲೇ ಪೀಠಿಕೆ ಹಾಕಿದೆ.